ಖರ್ಚಿನ ಪುಸ್ತಕ

ನಿನ್ನೆ ಬೆಳಗಾವಿಯ ತಾಲೀಮಿನಲ್ಲಿ, ರಂಗಶಿಕ್ಷಣ ಮುಗಿಸಿ ಎರಡು ವರ್ಷವೂ ತುಂಬದ ಹುಡುಗಿಯೊಬ್ಬಳ ಕೈಗೆ ಇಡೀ ನಾಟಕದ ನಿರ್ವಹಣೆಯನ್ನು ಒಪ್ಪಿಸಿ ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ಮೂರನೆಯ ದೃಶ್ಯಕ್ಕೆ ಬೆಳಕು ತಡವಾದಾಗ ಎದ್ದು ಕೂಗಬೇಕೆನಿಸಿದರೂ ತಡೆದುಕೊಂಡೆ. ಅವಳು ತನಗಿಂತ ಇಪ್ಪತ್ತು ವರ್ಷ ಹಿರಿಯರಾದ ನಟರನ್ನು ‘ಕಾಕಾ, ಎಂಟ್ರಿಯಿಂದ ಇನ್ನೊಮ್ಮಿ ಮಾಡೂಣ್ರಿ’ ಎಂದು ನಿಲ್ಲಿಸಿ, ತನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಳು. ನಮ್ಮ ಜಿಲ್ಲೆಯವರೇ ಆದ ಏಣಗಿ ಬಾಳಪ್ಪನವರು (1914–2017) ನಟರಾಗಿದ್ದುಕೊಂಡೇ ಕಲಾವೈಭವ ನಾಟ್ಯ ಸಂಘದ ಮಾಲೀಕರೂ ಆಗಿ ನಾಟಕ ಕಂಪನಿ ನಡೆಸಿದವರು. ನಟನೆಯ ಜೊತೆಗೆ ನಿರ್ವಹಣೆಯ ಕಲಿಕೆಯೂ ಅಂದು ಕಂಪನಿಯ ಬದುಕಿನೊಳಗೇ ಸಿಗುತ್ತಿತ್ತು. ಇಂದಿನ ಯುವಕರಿಗೆ ನಾವು ಪಾತ್ರ ಕೊಡುತ್ತೇವೆಯೇ ಹೊರತು ಖರ್ಚಿನ ಪುಸ್ತಕವನ್ನು (ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ) ಕೊಡುವುದಿಲ್ಲ. ಮುಂದಿನ ವಾರದಿಂದ ಅದೂ ಅವಳ ಬಳಿಯೇ ಇರುತ್ತದೆ.