ಫೈಲ್ ಆಗದ ಅರ್ಜಿಗೆ ಡೈರಿಯಲ್ಲಿ ಡೇಟ್ ಇರಲ್ಲ

ಆ ಕಾಪಿ ಪುಸ್ತಕ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಪುಟಗಳಲ್ಲೆಲ್ಲ ಮಗುವಿನ ದುಂಡಕ್ಷರ. ಕೊನೇ ಪುಟದಲ್ಲಿ ತಾಯಿಯ ಲೆಕ್ಕ. ತಿಂಗಳ ಹೆಸರು, ಅದರ ಎದುರು ದುಡ್ಡು ಬಂದಿದ್ದರೆ ರೈಟು, ಬರದಿದ್ದರೆ ಇಂಟು. 2022ರ ಆಗಸ್ಟ್‌ನಿಂದ ಕೆಳಗೆ ಬರೀ ಇಂಟು.

ಆಗ ನಾನು ಸೀನಿಯರ್ ಆಫೀಸಿಗೆ ಸೇರಿ ಎರಡು ವರ್ಷ. ಫ್ಯಾಮಿಲಿ ಕೋರ್ಟ್ ಮ್ಯಾಟರ್‌ಗಳೆಲ್ಲ ನನ್ನ ತಲೆಗೆ. ಆ ತಾಯಿ ನಮ್ಮ ಕಕ್ಷಿದಾರರು, ಅವರ ಡೈವೋರ್ಸ್ ಮುಗಿದಿತ್ತು. ಮಗುವಿಗೆ ತಿಂಗಳಿಗೆ 8,000 ಜೀವನಾಂಶ, 5ನೇ ತಾರೀಕಿನೊಳಗೆ ಕೊಡಬೇಕು ಅಂತ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್‌ನಲ್ಲಿ ಆದೇಶವೂ ಆಗಿತ್ತು. 2023ರ ಜೂನ್‌ನಲ್ಲಿ ಅವರು ಬಂದಾಗ ಹನ್ನೊಂದು ತಿಂಗಳ ಬಾಕಿ.

ಸೀನಿಯರ್ ಹೇಳಿದ್ದು ಒಂದೇ ಮಾತು. "ಮೊದ್ಲು ಅರ್ಜಿ ಹಾಕಮ್ಮ. ರಾಜಿ ಮಾತು ಆಮೇಲೆ."

ನಾನು ರಾಜಿ ಮಾತಿನಿಂದಲೇ ಶುರು ಮಾಡಿದೆ. ಮಗುವಿನ ತಂದೆಗೆ ಫೋನ್ ಹಚ್ಚಿದೆ. ಎಷ್ಟು ನಯವಾಗಿ ಮಾತಾಡಿದ ಅಂದ್ರೆ! "ಕೆಲಸ ಬದಲಾಯಿಸಿದೀನಿ ಮೇಡಂ. ಮುಂದಿನ ತಿಂಗಳು ಎಲ್ಲಾ ಒಟ್ಟಿಗೆ ಕೊಟ್ಬಿಡ್ತೀನಿ. ನನ್ನ ಮಗೂನೇ ಅಲ್ವಾ?" ನನಗೆ ಒಳಗೊಳಗೇ ಹೆಮ್ಮೆ. ಕೋರ್ಟ್ ಮೆಟ್ಟಿಲು ಹತ್ತದೇ ದುಡ್ಡು ಕೊಡಿಸ್ತೀನಿ ಅಂತ. ಜುಲೈ ಹೋಯ್ತು. ಆಗಸ್ಟ್ ಹೋಯ್ತು. ಸೆಪ್ಟೆಂಬರ್‌ನಲ್ಲಿ ಫೋನ್ ಎತ್ತೋದನ್ನೇ ಬಿಟ್ಟ.

ಇನ್ನೊಂದು ಕಡೆ ನಮ್ಮ ಆಫೀಸಿನ ಕಥೆ. ಒಂದೇ ಬೆಳಗ್ಗೆ ನಾಲ್ಕು ಕೋರ್ಟ್ ಹಾಲ್, ಒಬ್ಬಳೇ ಜೂನಿಯರ್. ಎರಡು ಕಡೆ ಪಾಸ್‌ಓವರ್ (ಸ್ವಲ್ಪ ಹೊತ್ತು ಬಿಟ್ಟು ಕೇಸ್ ಕರೀರಿ ಅಂತ) ಕೇಳೋದು, ಮೂರನೇ ಕಡೆ ಬೈಸಿಕೊಳ್ಳೋದು. ಡೈರಿ ನೋಡಿ ಓಡೋದೇ ಜೀವನ. ಡೈರಿಯಲ್ಲಿ ಇರೋದು ಫೈಲ್ ಆದ ಕೇಸುಗಳ ಡೇಟ್ ಮಾತ್ರ. ಕಪಾಟಿನಲ್ಲಿ ಕೂತ ಕಾಗದಕ್ಕೆ ಡೇಟ್ ಎಲ್ಲಿಂದ ಬರಬೇಕು? ಅದನ್ನು ನೆನಪಿಸೋಕೆ ಬೆಂಚ್ ಕ್ಲರ್ಕ್ ಇಲ್ಲ, ಮೊಬೈಲ್ ಆ್ಯಪ್ಪೂ ಇಲ್ಲ.

ಅಂತೂ ಅಕ್ಟೋಬರ್ ಮೊದಲ ವಾರ ಅರ್ಜಿ ಸಿದ್ಧ ಮಾಡಿದೆ. ಸ್ಕ್ಯಾನ್ ಸರಿ ಇಲ್ಲ ಅಂತ ಇ-ಫೈಲಿಂಗ್ ಪೋರ್ಟಲ್‌ನಿಂದ ಎರಡು ಸಲ ವಾಪಸ್ ಬಂತು. ಅರ್ಜಿ ಫೈಲ್ ಆಗಿ ನಂಬರ್ ಬಿದ್ದಿದ್ದು ಅಕ್ಟೋಬರ್ 30ಕ್ಕೆ. ಆ ಪೋರ್ಟಲ್ ಮೇಲೆ ನನಗೆ ಇವತ್ತಿಗೂ ಕೋಪ. ಆದ್ರೆ ಜೂನ್‌ನಲ್ಲೇ ಹಾಕಿದ್ದರೆ ಅದು ಹತ್ತು ಸಲ ವಾಪಸ್ ಕಳಿಸಿದ್ದರೂ ಏನೂ ಆಗ್ತಿರಲಿಲ್ಲ ಅನ್ನೋದೂ ನಿಜ.

ಹಿಯರಿಂಗ್ ದಿನ ಹದಿನೈದು ತಿಂಗಳಿಗೆ 1,20,000 ಅಂತ ಧೈರ್ಯವಾಗಿ ನಿಂತೆ. ಎದುರು ವಕೀಲರು ಸಾವಕಾಶವಾಗಿ ಎದ್ದು 125(3)ರ ಪರಂತುಕ, ಅಂದ್ರೆ ಅದಕ್ಕೆ ಅಂಟಿಕೊಂಡ ಷರತ್ತು, ಓದಿದರು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ವಸೂಲಿ ವಾರಂಟ್ ಇಲ್ಲ. ಗೊತ್ತಿಲ್ಲದ ಕಾನೂನೇನಲ್ಲ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ.

"ಯಾವ ತಿಂಗಳಿಂದ ಕೇಳ್ತಿದೀರಿ?" ಅಂದರು ಜಡ್ಜ್.

"2022 ಆಗಸ್ಟ್, ಸ್ವಾಮಿ."

"ಫೈಲ್ ಆಗಿದ್ದು?"

ಫೈಲಿನ ಅಡಿಯಲ್ಲಿ ಬೆರಳು ಮಡಚಿದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಮತ್ತೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ವರ್ಷ ದಾಟಿದ ತಿಂಗಳು ಮೂರು. ಅಷ್ಟರಲ್ಲಿ ಹಿಂದಿನಿಂದ ನನ್ನ ಕೋಟಿನ ತೋಳು ಯಾರೋ ಮುಟ್ಟಿದರು. ಕಕ್ಷಿದಾರರು ಆ ಕಾಪಿ ಪುಸ್ತಕ ಚಾಚಿದ್ದರು, ಕೊನೇ ಪುಟ ತೆರೆದು. ನಾನು ಮರೆತೆ ಅಂದುಕೊಂಡರೇನೋ ಪಾಪ. ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತೆ. ಗೋಡೆ ಗಡಿಯಾರದ ಸದ್ದು ಕೇಳಿಸ್ತಿತ್ತು.

ಹನ್ನೆರಡು ತಿಂಗಳಿಗೆ, ಅಂದರೆ 96,000ಕ್ಕೆ, ಎಫ್‌ಎಲ್‌ಡಬ್ಲ್ಯೂ (ಬಾಕಿ ವಸೂಲಿ ವಾರಂಟ್) ಆಯ್ತು.

ಹೊರಗೆ ಕಾರಿಡಾರ್‌ನಲ್ಲಿ ಅವರು ಕೇಳಿದರು. "ಮೂರು ತಿಂಗಳು ಅಂದ್ರೆ ಇಪ್ಪತ್ನಾಲ್ಕು ಸಾವಿರ ಅಲ್ವಾ ಮೇಡಂ?" ಆಮೇಲೆ ದನಿ ಏರಿಸದೇ, "ನಾನು ಜೂನಲ್ಲೇ ಬಂದಿದ್ನಲ್ಲ."

ಸಮಾಧಾನ ಹೇಳೋಕೆ ಹೋದೆ. ದುಡ್ಡಿನ ಹಕ್ಕು ಎಲ್ಲೂ ಹೋಗಲ್ಲ, ಒಂದು ವರ್ಷದ ಮಿತಿ ಈ ವಾರಂಟ್ ದಾರಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಪೂಂಗೋಡಿ ಕೇಸಿನಲ್ಲಿ ಹೇಳಿದೆ. ಹಾಗಾಗಿ ಸಿವಿಲ್ ಕಡೆ ಹೋಗಬಹುದು ಅಂದೆ. "ಅದಕ್ಕೆ ಇನ್ನೆಷ್ಟು ಸಲ ರಜೆ ಹಾಕ್ಬೇಕು?" ಅಂದರು. ಅವರೇ "ಬಿಡಿ" ಅಂತಲೂ ಅಂದರು.

ವಾರಂಟ್ ಎರಡು ಸಲ "ಆಸಾಮಿ ಸಿಗಲಿಲ್ಲ" ಅನ್ನೋ ಷರಾ ಹೊತ್ತು ವಾಪಸ್ ಬಂತು. ಸಿಗದ ಆಸಾಮಿ ದಿನಾ ಕೆಲಸಕ್ಕೆ ಹೋಗಿಬರ್ತಿದ್ದ! ಕೊನೆಗೆ ಬಾಕಿ ಇರೋ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು ಆಗಬಹುದು, ಒಳಗೆ ಹೋಗಿಬಂದರೂ ಸಾಲ ತೀರಲ್ಲ ಅಂತ ಅವನ ವಕೀಲರೇ ತಿಳಿಹೇಳಿದರೇನೋ. ಮುಂದಿನ ಡೇಟ್‌ಗೆ ಡಿಡಿ ಹಿಡಿದು ಬಂದ. ಅದೇ ನಯವಾದ ಮಾತು. "ನಮಸ್ಕಾರ ಮೇಡಂ" ಬೇರೆ.

ಸೀನಿಯರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡೈರಿಯ ಖಾಲಿ ಪುಟ ತೋರಿಸಿ, "ಹಾಕ್ದೇ ಇರೋ ಅರ್ಜಿಗೂ ಇಲ್ಲಿ ಒಂದು ಡೇಟ್ ಬರ್ಕೊ" ಅಂದರು ಅಷ್ಟೇ. ಈಗ ಹೊಸ ಕಕ್ಷಿದಾರರು ಕೂತ ಕೂಡಲೇ ಕೆಂಪು ಪೆನ್ನಿನಲ್ಲಿ ಬರೆಯೋದು ಅದನ್ನೇ: ಮೊದಲ ಬಾಕಿ ಯಾವತ್ತಿನದು, ಅದಕ್ಕೆ ವರ್ಷ ತುಂಬೋದು ಯಾವತ್ತು. 2024ರ ಜುಲೈ 1ರಿಂದ 125 ಹೋಗಿ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಸೆಕ್ಷನ್ ಬಂದಿದೆ. ಒಂದು ವರ್ಷದ ಮಿತಿ ಅಲ್ಲೂ ಹಾಗೇ ಕೂತಿದೆ.

ಹೋದ ತಿಂಗಳು ಅದೇ ತಾಯಿ ಮತ್ತೆ ಬಂದರು. ಆತ ಮತ್ತೆ ನಿಲ್ಲಿಸಿದ್ದಾನೆ. ಈ ಸಲ ಪುಸ್ತಕದಲ್ಲಿ ಇಂಟು ಎರಡೇ ಇತ್ತು. ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು.

"ಎಣಿಸ್ಕೊಳ್ಳಿ ಮೇಡಂ," ಅಂದರು.