ಇರೋದಾ, ಹುಟ್ಟಿದ್ದಾ?

ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಎಂ.ಎಸ್ಸಿ. ಓದಲು ಮಣಿಪಾಲಕ್ಕೆ ಬಂದಾಗ ಮೊದಲು ಕೊಟ್ಟ ಕೆಲಸ, ನಿಮ್ಮದೇ ಮನೆಯ ಮೂರು ತಲೆಮಾರಿನ ವಂಶವೃಕ್ಷ ಬರೆದು ತನ್ನಿ ಅಂತ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆಗೆರೆ. ಗಂಡ ಹೆಂಡಿರ ನಡುವೆ ಒಂದು ಅಡ್ಡಗೆರೆ, ರಕ್ತಸಂಬಂಧದ ಮದುವೆಯಾದರೆ ಎರಡು.

ಅಜ್ಜ ಅಜ್ಜಿಯ ನಡುವೆ ಎರಡು ಗೆರೆ ಎಳೆದೆ. ಅಜ್ಜಿಯನ್ನು ಕೊಟ್ಟಿದ್ದು ಅವಳ ಸ್ವಂತ ಸೋದರಮಾವನಿಗೆ. ಗುಬ್ಬಿ ಕಡೆಯ ನಮ್ಮ ಹಳ್ಳಿಯಲ್ಲಿ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅತ್ತೆ ಮಾವನ ಮಕ್ಕಳ ನಡುವೆ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನು ಒಂದೇ ಆಗಿದ್ದರೆ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲಿ ಒಂದು ಪಾಲು. ಈ ಲೆಕ್ಕ ಪಾಠದಲ್ಲಿ ಬೇಗ ತಲೆಗೆ ಹತ್ತಿತು. ಕಷ್ಟವಾಗಿದ್ದು ಮಾತು.

ಪಾಠವೆಲ್ಲ ಇಂಗ್ಲಿಷಿನಲ್ಲಿ, ಎದುರು ಬಂದು ಕೂರುವವರು ಕನ್ನಡದಲ್ಲಿ. "ನಮ್ಮ ಅಣ್ಣಂಗೂ ಹಿಂಗೇ ಇತ್ತು" ಅಂದರೆ ಒಡಹುಟ್ಟಿದ ಅಣ್ಣನೋ ದೊಡ್ಡಪ್ಪನ ಮಗನೋ ಕೇಳದೆ ಗೆರೆ ಎಳೆಯುವಂತಿಲ್ಲ. ಆದರೆ ಇಂಗ್ಲಿಷಿನ ಅಂಕಲ್‌ನಲ್ಲಿ ಕಳೆದುಹೋಗುವುದು ನಮ್ಮಲ್ಲಿ ಕಳೆಯುವುದಿಲ್ಲ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಡುಶೇನ್ ಸ್ನಾಯುಕ್ಷಯದಂಥ ಕಾಯಿಲೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದು, ಅಲ್ಲಿ ಬೇಕಾದವನು ಸೋದರಮಾವನೇ, ಚಿಕ್ಕಪ್ಪನಲ್ಲ. ಆ ವ್ಯತ್ಯಾಸಕ್ಕೆ ನಮ್ಮ ಭಾಷೆಯಲ್ಲಿ ಆಗಲೇ ಪದವಿದೆ. ಇದು ಗೊತ್ತಾದ ದಿನ ನನಗೆ ಬಹಳ ಖುಷಿಯಾಗಿತ್ತು.

ಅಭ್ಯಾಸಕ್ಕೆಂದು ಗೆಳತಿಯೊಬ್ಬಳು ಥಲಸ್ಸೇಮಿಯಾ ಅನ್ನುವ ವಂಶದಲ್ಲಿ ಬರುವ ರಕ್ತದ ಕಾಯಿಲೆ ಇರುವ ಮಗುವಿನ ತಾಯಿಯಾಗಿ ನಟಿಸಿದಾಗ ನಾನು "ನಿಮ್ಮ ಜೀನಿನಲ್ಲಿ ಒಂದು ದೋಷ ಇದೆ" ಅಂದುಬಿಟ್ಟೆ. ಮೇಡಂ ಅಲ್ಲೇ ತಡೆದರು. ನಾಗದೋಷ, ಕುಜದೋಷ ಕೇಳಿ ಬೆಳೆದ ಕಿವಿಗೆ ಆ ಮಾತು ಏನಾಗಿ ತಲುಪುತ್ತದೆ ಯೋಚಿಸು ಅಂದರು. ತಪ್ಪು ಅಂದರೂ ಆಗದು, ಯಾರ ತಪ್ಪು ಅನ್ನುವ ಪ್ರಶ್ನೆ ಬೆನ್ನಿಗೇ ಬರುತ್ತದೆ, ಮನೆಯಲ್ಲಿ ಅದರ ಉತ್ತರ ಯಾವಾಗಲೂ ಸೊಸೆಯೇ. ಈಗ ಬದಲಾವಣೆ ಅನ್ನುತ್ತೇನೆ. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಆ ಬದಲಾವಣೆಯನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25 ಅಂದಾಗ ಗೆಳತಿ, "ಒಂದಕ್ಕೆ ಬಂದಾಯ್ತಲ್ಲ, ಇನ್ನು ಮೂರಕ್ಕೆ ಬರಲ್ಲ ಅಲ್ವಾ?" ಅಂದಳು. ಅದಕ್ಕೀಗ ಚೀಟಿ ಇಟ್ಟುಕೊಂಡಿದ್ದೇನೆ. ಡಬ್ಬಿಯಲ್ಲಿ ನಾಲ್ಕು ಚೀಟಿ, ಒಂದಕ್ಕೆ ಮಾತ್ರ ಗುರುತು. ತೆಗೆದದ್ದನ್ನು ಮತ್ತೆ ಡಬ್ಬಿಗೇ ಹಾಕಿ, ಕುಲುಕಿ, ಮುಂದಿನದನ್ನು ಎತ್ತಬೇಕು.

ದಸರಾ ರಜೆಗೆ ಊರಿಗೆ ಹೋದಾಗ ಹಾಳೆಯನ್ನು ಅಜ್ಜಿಗೆ ತೋರಿಸಿದೆ. ಸರಿಯಾಗಿದೆಯಾ ನೋಡಲು, "ಅಜ್ಜಿ, ನಿಂಗೆ ಎಷ್ಟು ಮಕ್ಕಳು?" ಅಂತ ಕೇಳಿದೆ.

"ಇರೋದಾ, ಹುಟ್ಟಿದ್ದಾ?"

ಅಪ್ಪನಿಗಿಂತ ಮೊದಲು ಇಬ್ಬರು ಹುಟ್ಟಿದ್ದರಂತೆ. ಗಂಡೊಂದು ಮೂರು ತಿಂಗಳಿಗೆ ಹೋಯಿತು, ಹೆಣ್ಣೊಂದು ನಡೆಯುವ ಮೊದಲೇ. ಅಪ್ಪನೂ ಇದನ್ನು ನನಗೆ ಹೇಳಿರಲಿಲ್ಲ. "ಬಸುರೀಲಿ ಗ್ರಹಣದ ದಿನ ಸೊಪ್ಪು ಹೆಚ್ಚಿದ್ದೆ ಕಣವ್ವ, ಅದಕ್ಕೇ" ಅಂದಳು. ಅರವತ್ತು ವರ್ಷ ಅದನ್ನು ಹಾಗೇ ಇಟ್ಟುಕೊಂಡಿದ್ದಳು.

ಆ ಮಕ್ಕಳು ಯಾಕೆ ಹೋದವು ಅಂತ ಈಗ ಯಾರೂ ಹೇಳಲಾರರು, ಸಂಬಂಧದ ಮದುವೆಯೇ ಕಾರಣ ಅಂತಲೂ ಹೇಳಲಾಗದು, ಆದರೆ ಸೊಪ್ಪು ಹೆಚ್ಚಿದ್ದಕ್ಕಂತೂ ಅಲ್ಲ ಅಂದೆ. ಎರಡು ಸಲ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

ಅಪ್ಪನ ಎಡಗಡೆ ಜಾಗ ಸಾಲದೆ ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಬರೆದೆ. ಒಂದು ಚೌಕ, ಒಂದು ವೃತ್ತ, ಎರಡರ ಮೇಲೂ ಓರೆಗೆರೆ. ಅಜ್ಜಿ ಕನ್ನಡಕ ತರಿಸಿಕೊಂಡು ಅವುಗಳ ಮೇಲೆ ಬೆರಳಿಟ್ಟು ಇಬ್ಬರ ಹೆಸರನ್ನೂ ಹೇಳಿದಳು. ಕೆಳಗೆ ಬರೆದುಕೊಂಡೆ.