ಬಿಯರ್ ನೋಟ್‌ಬುಕ್: ಬಾಂಬರ್ಗ್‌ನಲ್ಲಿ ಹೊಗೆಯ ಪಾಠ

ಮೊದಲು ಕೆಲಸ ಎಲ್ಲಿಗೆ ಬಂದಿದೆ ಅಂತ ಹೇಳಿಬಿಡುತ್ತೇನೆ. ಬಿಯರ್ ಕುಡಿದಾಗಲೆಲ್ಲ ರುಚಿ ಬರೆದಿಡುವ ನನ್ನ ನೋಟ್‌ಬುಕ್ ಶುರುವಾದದ್ದು ಬೆಂಗಳೂರಿನಲ್ಲಿ. ತಾವೇ ಬಿಯರ್ ಮಾಡಿ ಕೊಡುವ ಅಲ್ಲಿನ ಬ್ರೂಪಬ್‌ಗಳ ಗೋಧಿ ಬಿಯರ್, ಕಪ್ಪು ಸ್ಟೌಟ್, ಕಹಿ ಐಪಿಎಗಳೇ ಅದರ ಅರ್ಧ ತುಂಬಿವೆ. ಗುರಿ ದೊಡ್ಡದೇನಲ್ಲ. ಹೆಸರು ಹೇಳದೆ ಒಂದು ಗ್ಲಾಸ್ ಕೈಗೆ ಕೊಟ್ಟರೆ, ಇದರಲ್ಲಿ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಂದದ್ದು ಯಾವುದು, ಹಾಪ್ಸ್‌ನಿಂದ (ಕಹಿ, ಘಮ ಕೊಡುವ ಹೂವು) ಬಂದದ್ದು ಯಾವುದು, ಯೀಸ್ಟ್ ಮಾಡಿದ ಕೆಲಸ ಯಾವುದು ಅಂತ ಬಿಡಿಸಿ ಹೇಳಲು ಬರಬೇಕು. ಅಷ್ಟೇ. ಹಾಪ್ಸ್ ಸುಲಭ, ಮೂಗಿಗೇ ಹೊಡೆಯುತ್ತದೆ. ಯೀಸ್ಟ್ ಕೂಡ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗ ಅಂತ ತನ್ನ ಗುರುತು ತಾನೇ ಹೇಳುತ್ತದೆ. ಮಾಲ್ಟ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಆ ಕಾಲಂನಲ್ಲಿ ಪುಟಗಟ್ಟಲೆ "ಸಿಹಿ", "ಬ್ರೆಡ್", "ಸ್ವಲ್ಪ ಸುಟ್ಟದ್ದು" ಅಂತಲೇ ಇದೆ.

ಆಫೀಸ್ ಕೆಲಸಕ್ಕೆ ಜರ್ಮನಿಯ ಎರ್ಲಾಂಗನ್‌ಗೆ ಬಂದಾಗ ಬಾಂಬರ್ಗ್‌ಗೆ ಹೋಗಲೇಬೇಕು ಅಂತ ಇದ್ದದ್ದು ಇದಕ್ಕೇ. ರೈಲಿನಲ್ಲಿ ಒಂದು ಗಂಟೆಯೂ ಬೇಡ. ಬವೇರಿಯಾದ ಉತ್ತರ ಭಾಗದ ಫ್ರಾಂಕೋನಿಯಾ ಸೀಮೆಯ ಊರು. ಹಳೇ ಪೇಟೆ 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ರೆಗ್ನಿಟ್ಸ್ ನದಿಯ ನಡುವೆ, ಸೇತುವೆಯ ಮೇಲೇ ಕೂತಿರುವ ಹಳೇ ಟೌನ್‌ಹಾಲ್‌ನ ಫೋಟೋ ಎಲ್ಲರೂ ನೋಡಿರುತ್ತೀರಿ. ಆದರೆ ಬಿಯರ್ ಮಂದಿ ಅಲ್ಲಿಗೆ ಹೋಗುವುದು ರೌಖ್‌ಬಿಯರ್‌ಗೆ, ಅಂದರೆ ಹೊಗೆ ಬಿಯರ್‌ಗೆ. ಇದರ ಮಾಲ್ಟನ್ನು ಹೊಗೆಯಲ್ಲಿ ಒಣಗಿಸುತ್ತಾರೆ, ಹಾಗಾಗಿ ಇಲ್ಲಿ ಮಾಲ್ಟ್ ತೆರೆಮರೆಯಲ್ಲಿ ಇರುವುದಿಲ್ಲ, ಎದುರಿಗೇ ಬಂದು ನಿಲ್ಲುತ್ತದೆ. ನನ್ನ ಖಾಲಿ ಕಾಲಂಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ ಅನ್ನಿಸಿತ್ತು.

ಜೊತೆಗೆ ಬಂದವನು ಎರ್ಲಾಂಗನ್ ಆಫೀಸಿನ ಗೆಳೆಯ, ಶಿರಸಿ ಕಡೆಯವನು. ಅಲ್ಲೇ ಇದ್ದೂ ಒಮ್ಮೆಯೂ ರೌಖ್‌ಬಿಯರ್ ಕುಡಿದಿರಲಿಲ್ಲ. "ಹೊಗೆ ಕುಡಿಯೋಕೆ ರೈಲು ಹತ್ತಬೇಕಾ ಮಾರಾಯ?" ಅಂತ ದಾರಿಯುದ್ದಕ್ಕೂ ಗೊಣಗಾಟ.

ನಾವು ಸೇರಿಕೊಂಡದ್ದು ಗೈಡ್ ಜೊತೆ ನಡೆದು ಕುಡಿಯುವ ಒಂದು ಸಣ್ಣ ಗುಂಪನ್ನು. ಇಂಥವುಗಳ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ. ಇತಿಹಾಸ ಜಾಸ್ತಿ, ಬಿಯರ್ ಕಮ್ಮಿ ಆಗುತ್ತದೆ ಅಲ್ವಾ? ಈ ಗೈಡಮ್ಮ ಬೇರೆ ಥರ. ರೈಲು ನಿಲ್ದಾಣದ ಹತ್ತಿರ ಎಲ್ಲರೂ ಸೇರಿದ ಕೂಡಲೇ ಚೀಲದಿಂದ ಎರಡು ಪೊಟ್ಟಣ ತೆಗೆದರು. ಒಂದೊಂದರಿಂದ ನಾಲ್ಕು ನಾಲ್ಕು ಕಾಳು ನಮ್ಮ ಅಂಗೈಗೆ ಹಾಕಿ, "ಈಗ ಇದನ್ನು ಜಗಿಯಿರಿ, ಬಿಯರ್ ಆಮೇಲೆ" ಅಂದರು. ಮೊದಲನೆಯದು ಸಾದಾ ಪಿಲ್ಸನರ್ ಮಾಲ್ಟ್. ಕುರುಕುರು, ತೆಳು ಸಿಹಿ. ಎರಡನೆಯದು ಬೀಚ್ (beech) ಅನ್ನುವ ಯುರೋಪಿನ ಕಾಡುಮರದ ಹೊಗೆಯಲ್ಲಿ ಒಣಗಿಸಿದ್ದು. ಜಗಿಯುವಾಗ ಏನೂ ಇಲ್ಲ ಅನ್ನಿಸಿತು. ನುಂಗಿದ ಮೇಲೆ ಗಂಟಲಿನಿಂದ ಮೂಗಿಗೆ ನಿಧಾನವಾಗಿ ಹೊಗೆ ಏರಿತು. ಇಷ್ಟು ವರ್ಷ ಬ್ರೂಪಬ್‌ಗಳಲ್ಲಿ ಕೂತು ಬರೆದುಕೊಂಡದ್ದಕ್ಕಿಂತ ಆ ನಾಲ್ಕು ಕಾಳು ಜಾಸ್ತಿ ಕಲಿಸಿದವು. ಮಾಲ್ಟ್‌ನ ರುಚಿ ನಾಲಿಗೆಯ ತುದಿಯಲ್ಲಿ ಹುಡುಕುವಂಥದ್ದಲ್ಲ, ನುಂಗಿ ಉಸಿರು ಬಿಡುವಾಗ ಹುಡುಕಬೇಕು.

ಹತ್ತಿರದಲ್ಲೇ ವೈಯರ್ಮಾನ್ ಮಾಲ್ಟ್ ಕಾರ್ಖಾನೆಯ ಕೆಂಪು ಇಟ್ಟಿಗೆ ಕಟ್ಟಡ. 1879ರಿಂದ ನಡೆಯುತ್ತಿರುವ ಕಂಪನಿ, ಜಗತ್ತಿನ ಎಷ್ಟೋ ಬ್ರೂವರಿಗಳಿಗೆ ಇಲ್ಲಿಂದಲೇ ಮಾಲ್ಟ್ ಹೋಗುತ್ತದೆ. ಇದೇ ಹೆಸರಿನ ಮೂಟೆಗಳನ್ನು ಬೆಂಗಳೂರಿನ ಒಂದು ಬ್ರೂಪಬ್‌ನ ಹಿಂಬದಿಯಲ್ಲಿ ಜೋಡಿಸಿಟ್ಟದ್ದು ನೋಡಿದ್ದೆ. ಆಗ ಅದು ಯಾವ ಊರು ಅಂತ ಕೇಳಬೇಕು ಅಂತಲೂ ಹೊಳೆದಿರಲಿಲ್ಲ.

ಹೊಗೆ ಯಾಕೆ ಅನ್ನುವುದಕ್ಕೆ ಗೈಡಮ್ಮ ಕೊಟ್ಟ ಉತ್ತರ ಚೆನ್ನಾಗಿತ್ತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಮುಂದೆ ಬೆಳೆಯದಂತೆ ಒಣಗಿಸಿದರೆ ಮಾಲ್ಟ್. ಹಿಂದೆ ಒಣಗಿಸಲು ಇದ್ದದ್ದು ಬಿಸಿಲು ಇಲ್ಲವೇ ಬೆಂಕಿ. ತಂಪು ದೇಶದಲ್ಲಿ ಬಿಸಿಲು ನಂಬಿ ಕೂರುವ ಹಾಗಿಲ್ಲ, ಹಾಗಾಗಿ ಸೌದೆ ಬೆಂಕಿ. ಹೊಗೆ ಕಾಳಿನ ನಡುವೆಯೇ ಹಾದು ಹೋಗುತ್ತಿತ್ತು. ಅಂದರೆ ಒಂದು ಕಾಲಕ್ಕೆ ಬಹಳಷ್ಟು ಬಿಯರ್‌ಗಳಲ್ಲಿ ಅಷ್ಟೋ ಇಷ್ಟೋ ಹೊಗೆ ಇದ್ದೇ ಇರುತ್ತಿತ್ತು. ಆಮೇಲೆ ಬೆಂಕಿಯನ್ನು ಒಂದು ಕಡೆ ಇಟ್ಟು ಬರೀ ಬಿಸಿ ಗಾಳಿಯನ್ನು ಕಾಳಿಗೆ ಬಿಡುವ ಗೂಡುಗಳು ಬಂದವು, ಹೊಗೆ ಮಾಯವಾಯಿತು. "ಬಾಂಬರ್ಗ್ ಹೊಗೆ ಬಿಯರನ್ನು ಕಂಡುಹಿಡಿಯಲಿಲ್ಲ, ಬಿಡಲಿಲ್ಲ ಅಷ್ಟೇ" ಅಂದರು. ಊರಿನ ಎರಡು ಮನೆತನದ ಬ್ರೂವರಿಗಳು, ಶ್ಲೆಂಕರ್ಲಾ ಮತ್ತು ಸ್ಪೆಟ್ಸಿಯಾಲ್, ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಸೌದೆ ಉರಿಸಿ ಒಣಗಿಸುತ್ತವೆ.

ಮೊದಲ ಗ್ಲಾಸ್ ಸ್ಪೆಟ್ಸಿಯಾಲ್‌ನಲ್ಲಿ. 1536ರ ಮನೆ. ರಸ್ತೆಯ ಆಚೆ ಎದುರಿಗೇ ಫೆಸ್ಲಾ ಅನ್ನುವ ಇನ್ನೊಂದು ಬ್ರೂವರಿ, ಅದು 1649ರದ್ದು. ಎರಡೂ ಕಡೆ ಬಾಗಿಲ ಹಾದಿಯಲ್ಲೇ ನಿಂತು ಕುಡಿಯುವವರು ಇರುತ್ತಾರೆ, ನಡುವೆ ಬರೀ ಒಂದು ರಸ್ತೆ. ಸ್ಪೆಟ್ಸಿಯಾಲ್‌ನ ಲಾಗರ್ (ತಂಪಿನಲ್ಲಿ ನಿಧಾನವಾಗಿ ಮಾಗಿಸಿದ ಬಿಯರ್) ಜೇನು ಬಣ್ಣ, ಹೊಗೆ ಹಿಂದೆ ಎಲ್ಲೋ ಇರುತ್ತದೆ. ಮೊದಲು ಸಣ್ಣ ಹೊಗೆ, ಆಮೇಲೆ ದೊಡ್ಡ ಹೊಗೆ, ಇದೇ ಗೈಡಮ್ಮನ ಕ್ರಮ. ಉಲ್ಟಾ ಮಾಡಿದರೆ ಇದರಲ್ಲಿ ಏನೂ ಸಿಗುವುದಿಲ್ಲ ಅಂದರು. ನಿಜ ಇರಬೇಕು, ಯಾಕೆಂದರೆ ಆಮೇಲೆ ಬಂದದ್ದು ಸಾಮಾನ್ಯದ್ದಲ್ಲ.

ನದಿ ದಾಟಿ ಶ್ಲೆಂಕರ್ಲಾಗೆ. ಕೆಥೆಡ್ರಲ್ ಗುಡ್ಡದ ಕೆಳಗೆ, ಮರದ ತೊಲೆಗಳ ತಗ್ಗು ಚಾವಣಿ. ಮನೆಯ ಹೆಸರು ಮೊದಲು ದಾಖಲೆಯಲ್ಲಿ ಬರುವುದು 1405ರಲ್ಲಂತೆ. ಶ್ಲೆಂಕರ್ಲಾ ಅನ್ನುವುದು ಕೈಕಾಲು ತೂಗುತ್ತಾ ನಡೆಯುತ್ತಿದ್ದ ಹಿಂದಿನ ಯಜಮಾನನಿಗೆ ಊರವರು ಇಟ್ಟ ಅಡ್ಡಹೆಸರು ಅಂತ ಕಥೆ. ಮೆರ್ಟ್ಸೆನ್ ಬಿಯರ್, 5.1 ಶೇಕಡಾ ಆಲ್ಕೋಹಾಲ್, ಮರದ ಪೀಪಾಯಿಯಿಂದ ನೇರ ಗ್ಲಾಸಿಗೆ. ಗಾಢ ಕಂದು ಬಣ್ಣ, ಕೆನೆ ಬಣ್ಣದ ನೊರೆ.

ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಗುಂಪಿನಲ್ಲಿ ಎಲ್ಲರೂ ಒಂದೇ ಮಾತು: ಬೇಕನ್, ಹ್ಯಾಮ್, ಸಾಸೇಜ್. ಎಲ್ಲರೂ ತಲೆ ಆಡಿಸುತ್ತಿದ್ದಾರೆ. ನಾನು ಸಸ್ಯಾಹಾರಿ. ಈ ಮೂರರಲ್ಲಿ ಒಂದರ ರುಚಿಯೂ ನನಗೆ ಗೊತ್ತಿಲ್ಲ. ಗೈಡಮ್ಮ ನಕ್ಕು, ಬಿಯರ್‌ನಲ್ಲಿ ಮಾಂಸ ಇಲ್ಲ, ಮಾಂಸಕ್ಕೂ ಇದೇ ಬೀಚ್ ಮರದ ಹೊಗೆ ಕೊಡುತ್ತಾರೆ, ಅದಕ್ಕೇ ಇವರಿಗೆಲ್ಲ ಹಾಗೆ ಅನ್ನಿಸುವುದು ಅಂದರು. ಮರ ಉರಿಯುವಾಗ ಅದರ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಅನ್ನುವ ವಸ್ತುಗಳು ಬರುತ್ತವೆ. ಮೂಗು ಹಿಡಿಯುವುದು ಅವನ್ನು. ಕಾಳಿನ ಮೇಲೆ ಕೂತರೂ ಅವೇ, ಹಂದಿ ಮಾಂಸದ ಮೇಲೆ ಕೂತರೂ ಅವೇ.

ಸರಿ, ಆದರೆ ನೋಟ್‌ಬುಕ್‌ನಲ್ಲಿ ನಾನು ಏನು ಬರೆಯಲಿ? ತಿನ್ನದ ಬೇಕನ್ ಹೆಸರು ಬರೆದರೆ ಅದು ಕಾಪಿ ಹೊಡೆದ ಹಾಗೆ. ಸುಮ್ನೆ ಕೂತಿದ್ದ ಶಿರಸಿಯವನು ಎರಡನೇ ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟ. "ಉಪ್ಪಾಗೆ ಕಣೋ. ಒಲೆ ಮೇಲೆ ಒಣಗಿಸ್ತಾರಲ್ಲ, ಆ ಉಪ್ಪಾಗೆ ಸಿಪ್ಪೆ ವಾಸನೆ" ಅಂದ. ಮಲೆನಾಡಿನವರಿಗೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ಹಣ್ಣಾಗುವುದರಿಂದ ಬಿಸಿಲು ಸಿಗದೆ, ಸೌದೆ ಹೊಗೆಯಲ್ಲಿ ಕಪ್ಪಗಾಗುವವರೆಗೆ ಒಣಗಿಸುವ ಹುಳಿ ಸಿಪ್ಪೆ. ಬಿಯರ್‌ನಲ್ಲಿ ಆ ಹುಳಿ ಇಲ್ಲ, ಆದರೆ ಹೊಗೆಯ ಜಾತಿ ಅದೇ. ಒಣ ಹೊಗೆ, ಸ್ವಲ್ಪ ಉಪ್ಪುಪ್ಪು, ಕೊನೆಗೆ ಒಂದು ಒಗರು. ಬರೆದುಕೊಂಡೆ. ಈ ಮಟ್ಟಿಗೆ ಇಡೀ ಗುಂಪಿನಲ್ಲಿ ನಮ್ಮಿಬ್ಬರ ಟಿಪ್ಪಣಿಯೇ ಬೇರೆ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ನೋಟ್‌ಬುಕ್‌ನ ಹಾಳೆ ಇರುವುದು ಮೊದಲ ಗುಟುಕಿಗೆ. ಬಣ್ಣ, ಘಮ, ರುಚಿ, ಮೈ (ಬಾಯಲ್ಲಿ ದಪ್ಪವೋ ತೆಳುವೋ), ಕೊನೆಗೆ ಉಳಿಯುವ ರುಚಿ, ಒಂದೊಂದಕ್ಕೆ ಅಂಕ. ಸಣ್ಣ ಗ್ಲಾಸ್‌ಗಳ ಟೇಸ್ಟಿಂಗ್‌ಗೆ ಇದು ಸರಿಹೋಗುತ್ತದೆ. ಬೆಂಗಳೂರಿನಲ್ಲಿ ಆರು ಸಣ್ಣ ಗ್ಲಾಸ್‌ಗಳ ಹಲಗೆ ತಂದಿಟ್ಟರೆ ಹಾಗೇ ಮಾಡುವುದು. ಆದರೆ ಗೈಡಮ್ಮ ಶ್ಲೆಂಕರ್ಲಾದಲ್ಲಿ ಸಣ್ಣ ಗ್ಲಾಸ್ ಕೊಡಿಸಲೇ ಇಲ್ಲ. ಒಬ್ಬೊಬ್ಬರಿಗೂ ಒಂದು ಸೈಡ್ಲಾ, ಫ್ರಾಂಕೋನಿಯಾದ ಮಾತಿನಲ್ಲಿ ಅರ್ಧ ಲೀಟರ್. "ಒಂದು ಗುಟುಕಿಗೆ ಇದರ ಮೇಲೆ ತೀರ್ಪು ಕೊಡಬೇಡಿ" ಅಂದರು. ಮೊದಲಿಗೆ ಇದು ಮಾರಾಟದ ಮಾತು ಅನ್ನಿಸಿತು. ಅಲ್ಲ. ಮೊದಲ ಗುಟುಕಿನಲ್ಲಿ ಹೊಗೆ ಬಿಟ್ಟು ಬೇರೇನೂ ಇಲ್ಲ, ಬಾಯಿಯೆಲ್ಲ ಒಲೆ ಊದಿದ ಹಾಗೆ. ಅರ್ಧ ಗ್ಲಾಸ್ ಹೊತ್ತಿಗೆ ಮೂಗು ಹೊಗೆಗೆ ಒಗ್ಗಿಕೊಂಡು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಕೆಳಗಿದ್ದದ್ದು ಮೇಲೆ ಬರುತ್ತದೆ: ಬ್ರೆಡ್‌ನ ಕಂದು ಸಿಪ್ಪೆ, ಒಣದ್ರಾಕ್ಷಿಯಂಥ ಸಿಹಿ, ತಕ್ಕಷ್ಟು ಕಹಿ. ನಾನು ಹುಡುಕುತ್ತಿದ್ದ ಮಾಲ್ಟ್ ಸಿಕ್ಕಿದ್ದು ಅಲ್ಲಿ, ಹೊಗೆಯ ಹಿಂದೆ. ಗ್ಲಾಸ್ ಮುಗಿಯುವ ಹೊತ್ತಿಗೆ ಹೊಗೆ ಎಲ್ಲಿ ಹೋಯಿತು ಅಂತ ನಾನೇ ಹುಡುಕುತ್ತಿದ್ದೆ. ಆದ್ದರಿಂದ ಹಾಳೆಯಲ್ಲಿ ಈಗ ಮೂರು ಸಾಲು: ಮೊದಲ ಗುಟುಕು, ಅರ್ಧ ಗ್ಲಾಸ್, ತಳ. ಸಣ್ಣ ಗ್ಲಾಸ್‌ಗಳ ಹಲಗೆಯ ಮೇಲೆ ನನಗಿದ್ದ ಪ್ರೀತಿ ಸ್ವಲ್ಪ ಇಳಿದಿದೆ. ಅದು ಜೋರು ಬಾಯಿಯ ಬಿಯರ್‌ಗಳಿಗೆ ಅಂಕ ಕೊಡುತ್ತದೆ, ನಿಧಾನದವನ್ನು ಫೇಲ್ ಮಾಡುತ್ತದೆ.

ಶ್ಲೆಂಕರ್ಲಾದ ಇನ್ನೊಂದು ತಮಾಷೆ ಅವರ ಹೆಲ್ಲೆಸ್. ಇದರ ಮಾಲ್ಟ್‌ಗೆ ಹೊಗೆ ಕೊಡುವುದೇ ಇಲ್ಲ. ಸಾದಾ ತಿಳಿ ಲಾಗರ್. ಆದರೂ ಹೊಗೆ ಇದೆ! ಅದೇ ಪಾತ್ರೆಗಳಲ್ಲಿ ಕುದಿಸುತ್ತಾರೆ, ಹೊಗೆ ಬಿಯರ್‌ನಲ್ಲಿ ಕೆಲಸ ಮಾಡಿದ ಯೀಸ್ಟನ್ನೇ ಹಾಕುತ್ತಾರೆ, ಅಷ್ಟಕ್ಕೇ ತೆಳುವಾಗಿ ಅಂಟಿಕೊಳ್ಳುತ್ತದೆ. ಇದರ ಒಂದೆರಡು ಬಾಟಲಿ ಚೀಲಕ್ಕೆ ಹಾಕಿಕೊಂಡೆವು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಡುವೆ ಗೈಡಮ್ಮನಿಗೆ ಜೋಶ್ ಬಂದದ್ದು ಒಬ್ಬರು 1516ರ ಬವೇರಿಯಾ ಬಿಯರ್ ಕಾನೂನಿನ ಮಾತೆತ್ತಿದಾಗ. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅನ್ನುವ ಕಟ್ಟಳೆ. "ನಮ್ಮ ಬಿಷಪ್ 1489ರಲ್ಲೇ ಹೇಳಿದ್ದರು" ಅಂದರು. ಆಗ ಬಾಂಬರ್ಗ್ ಬವೇರಿಯಾಗೆ ಸೇರಿರಲಿಲ್ಲ, ಬಿಷಪ್‌ಗಳೇ ಆಳುತ್ತಿದ್ದ ಬೇರೆ ರಾಜ್ಯ. ಬವೇರಿಯಾಗೆ ಸೇರಿದ್ದು 1800ರ ಆಸುಪಾಸಿನಲ್ಲಿ, ನೆಪೋಲಿಯನ್ ಗಲಾಟೆಯ ಕಾಲಕ್ಕೆ. ಇಲ್ಲಿನವರನ್ನು ಬವೇರಿಯನ್ ಅಂದರೆ ಇವತ್ತಿಗೂ ಮುಖ ಸ್ವಲ್ಪ ಗಂಟಾಗುತ್ತದೆ. ಫ್ರಾಂಕೋನಿಯನ್ ಅನ್ನಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಊರಿನ ಹೆಸರಾಂತ ತಿಂಡಿ ಈರುಳ್ಳಿಯೊಳಗೆ ತುಂಬಿಸಿದ್ದು, ತುಂಬಿಸಿದ್ದು ಮಾಂಸ. ಆಲೂಗಡ್ಡೆ ಸಲಾಡ್ ನಿರಪಾಯ ಅಂತ ತಿಳಿಯಬೇಡಿ, ಎಷ್ಟೋ ಕಡೆ ಮಾಂಸದ ಸಾರು ಹಾಕಿರುತ್ತಾರೆ, ಕೇಳಿಯೇ ತಗೊಳ್ಳಿ. ನಾನು ಬದುಕಿದ್ದು ಗೆರುಪ್ಫ್ಟರ್ ಮೇಲೆ: ಮಾಗಿದ ಮೆತ್ತನೆ ಚೀಸ್, ಬೆಣ್ಣೆ, ಕೆಂಪು ಮೆಣಸಿನ ಪುಡಿ, ಈರುಳ್ಳಿ ಕಲಸಿದ್ದು, ಜೊತೆಗೆ ಕಪ್ಪು ಬ್ರೆಡ್. ಹೊಗೆ ಬಿಯರ್‌ಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಹ್ಯಾಮ್ ತಿನ್ನುವವರು ಏನು ಕಳೆದುಕೊಳ್ಳುತ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ.

ಟೇಸ್ಟಿಂಗ್ ಮುಗಿದ ಮೇಲೆ ನಾವಿಬ್ಬರೇ ವುಂಡರ್‌ಬುರ್ಗ್ ಕಡೆಗೆ, ಮಾರ್ಸ್ ಬ್ರಾಯ್‌ಗೆ ಹೋದೆವು. ಅಲ್ಲಿ "ಊ" ಅಂದರೆ ಸಾಕು, ಬಿಯರ್ ಬರುತ್ತದೆ. ಪೀಪಾಯಿಗೆ ಬಿರಡೆ ಬಿಗಿಯದೆ ಮಾಗಿಸಿದ ಬಿಯರ್, ಅದರ ಉದ್ದ ಜರ್ಮನ್ ಹೆಸರಿನ ಮೊದಲ ಅಕ್ಷರ ಅದು. ಗ್ಯಾಸ್ ಹೊರಗೆ ಹೋಗಿಬಿಡುವುದರಿಂದ ಚುರುಚುರು ಕಮ್ಮಿ, ಮೆತ್ತಗೆ ಇಳಿಯುತ್ತದೆ. ಹೊಗೆ ಇಲ್ಲ. ಮಾಲ್ಟ್ ಕಾಲಂ ಮತ್ತೆ ಖಾಲಿ ಆಗುತ್ತದೆ ಅಂದುಕೊಂಡಿದ್ದೆ, ಆದರೆ ಕಾಳು ಜಗಿದಾಗ ಕಲಿತಂತೆ ನುಂಗಿ ಉಸಿರು ಬಿಟ್ಟೆ. "ಹಸಿ ಹಿಟ್ಟು, ಬಿಸ್ಕತ್ತು, ಕೊನೆಗೆ ಹುರಿದ ಕಾಳು" ಅಂತ ಬರೆದಿದ್ದೇನೆ. "ಸಿಹಿ, ಬ್ರೆಡ್" ಇಂದ ಇಲ್ಲಿಗೆ ಬಂದದ್ದೇ ನನಗೆ ದೊಡ್ಡದು.

ಸ್ಪೆಟ್ಸಿಯಾಲ್‌ನವರ ಕೆಲ್ಲರ್‌ಗೂ ಹೋದೆವು. ಹೆಸರು ನೆಲಮಾಳಿಗೆ, ಕೂರುವುದು ಗುಡ್ಡದ ಮೇಲೆ ಮರದಡಿ. ಫ್ರಿಜ್ ಇಲ್ಲದ ಕಾಲದಲ್ಲಿ ಗುಡ್ಡ ಕೊರೆದು ಬಿಯರ್ ತಂಪಾಗಿ ಇಡುತ್ತಿದ್ದರು, ಮೇಲಿನ ನೆಲ ಬಿಸಿಯಾಗದಿರಲಿ ಅಂತ ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಆ ನೆರಳಿಗೆ ಜನ ಬಂದು ಕೂತರು. ಅಲ್ಲಿಂದ ಇಡೀ ಊರು ಕಾಣುತ್ತದೆ. ಅಲ್ಲಿ ನಾನು ಏನೂ ಬರೆಯಲಿಲ್ಲ, ಸುಮ್ನೆ ಕುಡಿದೆ.

ಎರ್ಲಾಂಗನ್‌ಗೆ ಬಂದ ಮೇಲಿನ ಅಪ್‌ಡೇಟ್. ಬಾಟಲಿ ತಂದದ್ದು ಗೆಳೆಯನ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಲು. ಶ್ಲೆಂಕರ್ಲಾದ ಹೆಲ್ಲೆಸ್ ಮತ್ತು ಅಂಗಡಿಯಲ್ಲಿ ಸಿಕ್ಕ ಬೇರೊಂದು ಸಾದಾ ಹೆಲ್ಲೆಸ್, ಎರಡನ್ನೂ ಒಂದೇ ಥರದ ಲೋಟಗಳಿಗೆ ಹಾಕಿ, ಯಾವುದು ಯಾವುದು ಅಂತ ಹೇಳದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದಾಗ ಇಬ್ಬರಿಗೂ ವ್ಯತ್ಯಾಸ ಸರಿಯಾಗಿ ಸಿಗಲಿಲ್ಲ. ತಣ್ಣಗಿದ್ದರೆ ಘಮ ಏಳುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟು ಕುಡಿದರೆ ಹೊಗೆ ಹಾಜರ್, ಗೆಳೆಯ ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿದ. ಹಾಳೆಯಲ್ಲಿ ಈಗ ಒಂದು ಹೊಸ ಖಾನೆ: ಎಷ್ಟು ತಣ್ಣಗಿತ್ತು. ಬೆಂಗಳೂರಿನಲ್ಲಿ ಬಿಯರ್ ಕೊಡುವಷ್ಟು ತಣ್ಣಗೆ ಇಲ್ಲಿ ಯಾರೂ ಕೊಡುವುದಿಲ್ಲ, ಹಾಗಾಗಿ ಹಳೇ ಟಿಪ್ಪಣಿಗಳನ್ನು ಈಗಿನವುಗಳ ಜೊತೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಾಕಿ ಇರುವುದು: ಶ್ಲೆಂಕರ್ಲಾದವರು ಕ್ರಿಸ್‌ಮಸ್ ಹೊತ್ತಿಗೆ ಬೀಚ್ ಬದಲು ಓಕ್ ಮರದ ಹೊಗೆ ಕೊಟ್ಟ ಮಾಲ್ಟ್‌ನಿಂದ ಒಂದು ಬಿಯರ್ ಮಾಡುತ್ತಾರೆ, 8 ಶೇಕಡಾದ ಭಾರಿ ಬಿಯರ್. ಮರ ಬದಲಾದರೆ ಹೊಗೆ ಎಷ್ಟು ಬದಲಾಗುತ್ತದೆ ಅಂತ ನೋಡಬೇಕು. ಆಗ ನಾನು ಬೆಂಗಳೂರಿನಲ್ಲಿರುತ್ತೇನೆ. ರಜಕ್ಕೆ ಊರಿಗೆ ಬರುವಾಗ ಎರಡು ಬಾಟಲಿ ತಾ ಅಂತ ಗೆಳೆಯನಿಗೆ ಹೇಳಿದ್ದೇನೆ. ತರುತ್ತೇನೆ, ಆದರೆ ಒಂದು ನನ್ನದು ಅಂದಿದ್ದಾನೆ.